ಬಂಬ ಇಳಿಸಿ ಗ್ಯಾಸ್ ಗೀಸರ್ ಏರಿಸುವ ವಿಧಾನ
(ಹೈದರಾಬಾದಿನ ಕಾಚಿಗುಡ, ಬರ್ಕತ್‌ಪುರ ಕಡೆಯ ಕನ್ನಡ ಮನೆಗಳಿಗೆ)

ಬೇಕಾಗುವ ಸಾಮಾನು: ಒಂದು ಸ್ಪ್ಯಾನರ್, ಎರಡು ದಪ್ಪ ಸೆಲ್ಲು, ಮನೆಯ ಹಿರಿಯರ ಒಪ್ಪಿಗೆ. ಮೊದಲೆರಡು ಸುಲ್ತಾನ್ ಬಜಾರಿನಲ್ಲಿ ಸಿಗುತ್ತವೆ.

ಹಂತ ಒಂದು. ಬಂಬವನ್ನು ಮುಟ್ಟಬೇಡಿ. ಅವ್ವನ ಎದುರು ಕುಳಿತು ಮೆಲ್ಲಗೆ ವಿಷಯ ತೆಗೆಯಿರಿ. "ಗ್ಯಾಸಿನ ನೀರಿಲೆ ಜಳಕಾ ಮಾಡಿದ್ರ ಚಳಿ ಹೋಗೂದಿಲ್ಲೋ ತಮ್ಮಾ" ಎಂಬ ಉತ್ತರ ಬರುತ್ತದೆ. ವಾದಿಸಬೇಡಿ. ಮುಂದಿನ ಮಾತು ಬಂಬದ ವಂಶಾವಳಿ: ನಿಜಾಮರ ಕಾಲದಲ್ಲಿ ಅಜ್ಜ ಅದನ್ನು ಕಲಬುರಗಿಯಿಂದ ರೈಲಿನಲ್ಲಿ ತಂದದ್ದು. ಆಗ ಎರಡೂ ಊರು ಒಂದೇ ಸಂಸ್ಥಾನದಲ್ಲಿದ್ದವು. 1956ರಲ್ಲಿ ಹಂಚಿಕೆಯಾದಾಗ ಕಲಬುರಗಿ ಅತ್ತ ಹೋಯಿತು, ಬಂಬ ಇತ್ತ ಉಳಿಯಿತು.

ಹಂತ ಎರಡು. ಲೆಕ್ಕ ಒಪ್ಪಿಸಿ. ಇಪ್ಪತ್ತು ಲೀಟರಿನ ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿಯೇರಿಸಲು ಸುಮಾರು 45–50 ಗ್ರಾಂ ಗ್ಯಾಸ್ ಸಾಕು. ಅಂದರೆ 14.2 ಕಿಲೋದ ಸಿಲಿಂಡರಿಗೆ ಹೆಚ್ಚುಕಡಿಮೆ ಮುನ್ನೂರು ಬಕೆಟ್. ಅವ್ವ ಬಂಬದ ಲೆಕ್ಕ ಒಪ್ಪಿಸುತ್ತಾಳೆ: ತೆಂಗಿನ ಕರಟ, ಬಡಗಿಯ ಅಂಗಡಿಯ ಚಕ್ಕೆ, ಹಳೇ ಪೇಪರು, ಎಲ್ಲ ಪುಕ್ಕಟೆ. ಮೇಲೆ ಧೂಪಕ್ಕೆ ಕೆಂಡ, ಪಾತ್ರೆ ತಿಕ್ಕಲು ಬೂದಿ, ಕೆಂಡದಲ್ಲಿ ಸುಟ್ಟ ಬದನೆಕಾಯಿ. ಗೀಸರ್ ಬದನೆಕಾಯಿ ಸುಡುವುದಿಲ್ಲ. ಸೋಲೊಪ್ಪಿಕೊಂಡು ಮುಂದೆ ನಡೆಯಿರಿ.

ಹಂತ ಮೂರು. ಸಿಲಿಂಡರೋ ಪೈಪೋ ಎಂದು ಖರೀದಿಗೆ ಮುಂಚೆಯೇ ತೀರ್ಮಾನಿಸಿ. ಗೇಲ್ ಮತ್ತು ಎಚ್‌ಪಿಸಿಎಲ್ 2003ರಲ್ಲಿ ಕೂಡಿ ಕಟ್ಟಿದ ಭಾಗ್ಯನಗರ್ ಗ್ಯಾಸ್‌ನ ಪೈಪು ನಿಮ್ಮ ಗಲ್ಲಿಗೆ ಬಂದಿದ್ದರೆ ಅಂಗಡಿಯಲ್ಲಿ ಹೇಳಿ. ಎರಡರ ಒತ್ತಡ ಬೇರೆ, ಜೆಟ್ ಬೇರೆ. ಸೋರಿದರೆ ಪೈಪಿನ ಗ್ಯಾಸ್ ಮೇಲಕ್ಕೇರುತ್ತದೆ, ಸಿಲಿಂಡರಿನದು ನೆಲಕ್ಕೆ ಕೂರುತ್ತದೆ.

ಹಂತ ನಾಲ್ಕು. ಎಲ್ಲಿ ತೂಗುಹಾಕಬೇಕು? ಬಚ್ಚಲಿನೊಳಗೆ ಖಂಡಿತ ಬೇಡ. "ಕುಛ್ ನೈ ಹೋತಾ ಸಾಬ್" ಎಂದು ಪ್ಲಂಬರ್ ಹೇಳುತ್ತಾನೆ. ಜಳಕ ಮಾಡುವವನು ಅವನಲ್ಲ. ಬಂಬ ಬಾಯಿಬಡಕ. ಹೊಗೆಯಾಡಿ, ಕಣ್ಣುರಿಸಿ, ಕೆಮ್ಮಿಸಿ, ನಿಮ್ಮನ್ನು ಹೊರಗಟ್ಟುತ್ತಿತ್ತು. ಗೀಸರಿನದು ಮೌನ. ಮುಚ್ಚಿದ ಕೋಣೆಯ ಆಮ್ಲಜನಕ ತಿಂದು ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಬಡಿಯಲೆಂದು ಬೆರೆಸುವ ಮರ್ಕಾಪ್ಟಾನ್ ಸೋರುವ ಗ್ಯಾಸನ್ನಷ್ಟೇ ಹಿಡಿದುಕೊಡುತ್ತದೆ, ಉರಿದ ಗ್ಯಾಸನ್ನಲ್ಲ. ತಲೆಸುತ್ತಿದರೆ ಚಿಲಕ ತೆಗೆಯುವಷ್ಟು ತ್ರಾಣವೂ ಉಳಿದಿರಲಿಕ್ಕಿಲ್ಲ. ಆದ್ದರಿಂದ ಹೊರಗಿನ ಗಾಳಿಯಾಡುವ ಗೋಡೆಗೆ ಹಾಕಿ, ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತನ್ನಿ. ಎರಡು ಮೊಳ ಪೈಪು ಹೆಚ್ಚು ಬೇಕಾದೀತು, ಚೌಕಾಸಿ ಬೇಡ.

ಹಂತ ಐದು. ನಳ ತಿರುಗಿಸಿ. ಗೀಸರ್ ಹೊತ್ತಿಕೊಳ್ಳದಿದ್ದರೆ ಅದು ಕೆಟ್ಟಿಲ್ಲ. ನೀರು ರಭಸವಾಗಿ ನುಗ್ಗಿದರಷ್ಟೇ ಅದು ಏಳುತ್ತದೆ. ತಲೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವ ಟ್ಯಾಂಕಿಗೆ ಅಷ್ಟು ಒತ್ತಡ ಎಲ್ಲಿಂದ ಬರಬೇಕು? ಬಂಬಕ್ಕೆ ಒಂದು ಚೊಂಬು ಸುರಿದರೂ ನಡೆಯುತ್ತಿತ್ತು. 1908ರ ಮೂಸಿ ಪ್ರವಾಹದ ನಂತರ ಇಲ್ಲಿಗೆ ಬಂದು ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಯೋಜನೆ ರೂಪಿಸಿದವರು ನಮ್ಮ ವಿಶ್ವೇಶ್ವರಯ್ಯನವರೇ ಎಂದು ಪ್ಲಂಬರ್‌ಗೆ ಹೆಮ್ಮೆಯಿಂದ ಹೇಳಿ ನೋಡಿ. ಒತ್ತಡ ಹೆಚ್ಚುವುದಿಲ್ಲ.

(ಬೋರಿನ ನೀರಾದರೆ ಒಳಗಿನ ತಾಮ್ರದ ಕೊಳವೆಗೆ ಸುಣ್ಣ ಕಟ್ಟುತ್ತದೆ. ಆಗಾಗ ಬಿಚ್ಚಿ ತೊಳೆಸಿ.)

ಕೊನೆಯ ಹಂತ. ಬಂಬವನ್ನು ಬೇಗಂ ಬಜಾರಿನಲ್ಲಿ ತಾಮ್ರದ ತೂಕಕ್ಕೆ ಕೊಡಬಹುದು. ಗಾಡಿ ಗೇಟು ದಾಟುವಾಗ ಅವ್ವ ಕೇಳುತ್ತಾಳೆ: "ನೀರು ತುಂಬೋ ಹಬ್ಬಕ್ಕ ಎದರಾಗ ನೀರು ತುಂಬತೀ?" ಈ ಗೀಸರಿನೊಳಗೆ ಟ್ಯಾಂಕೇ ಇಲ್ಲ, ನೀರು ಹಾಯುತ್ತಲೇ ಕಾಯುತ್ತದೆ. ತುಂಬಲು ಜಾಗವಿಲ್ಲ, ಅರಿಷಿಣ ಕುಂಕುಮ ಹಚ್ಚಿದರೆ ಗ್ಯಾರಂಟಿ ಸ್ಟಿಕರ್ ಮುಚ್ಚುತ್ತದೆ. ಗಾಡಿಯವನನ್ನು ವಾಪಸ್ ಕರೆಯಿರಿ. ಬಂಬ ತಾರಸಿಗೇರಲಿ, ನರಕ ಚತುರ್ದಶಿಯ ನಸುಕಿಗೆ ಅಲ್ಲೇ ಉರಿ ಹಾಕಿ. ಎದುರು ಅಪಾರ್ಟ್‌ಮೆಂಟಿನವರು ಹೊಗೆಗೆ ಬೈದರೆ ಫಳಾರಕ್ಕೆ ಕರೆಯಿರಿ.