ಆನೆಯ ಅಡಿಹೊಟ್ಟೆ: ತೂಗುಗೊಂಬೆಗಳ ಅಧೋದರ್ಶನ ಮೀಮಾಂಸೆ

ಕನ್ನಡದಲ್ಲಿ ಕವಿಗಳ ಕಾಲ, ದೇಶ, ಮತಗಳ ಬಗ್ಗೆ ಬೇಕಾದಷ್ಟು ಸಂಶೋಧನೆ ನಡೆದಿದೆ. ಮಳೆಗೆ ಸವೆದ ಶಾಸನದ ಅರ್ಧ ಅಕ್ಷರಕ್ಕಾಗಿ ವಿದ್ವಾಂಸರು ಒಬ್ಬರ ಮುಖ ಒಬ್ಬರು ನೋಡದೆ ಆಯುಷ್ಯ ಕಳೆದದ್ದುಂಟು. ಆದರೆ ತೊಟ್ಟಿಲ ಮೇಲೆ ದಾರದಲ್ಲಿ ನೇತಾಡುವ ಫೆಲ್ಟ್ ಆನೆಯ ವಿಷಯದಲ್ಲಿ ಮಾತ್ರ ಎಲ್ಲರದೂ ದಿವ್ಯ ಮೌನ. ಕಾರಣ ಸ್ಪಷ್ಟವಿದೆ. ಆ ಆನೆಯನ್ನು ದಿನವಿಡೀ ನೋಡುವ ಏಕೈಕ ಅಧಿಕೃತ ಪ್ರೇಕ್ಷಕರಿಗೆ ಮಾತು ಬರುವುದಿಲ್ಲ. ಮಾತು ಬರುವ ಹೊತ್ತಿಗೆ ಆನೆ ಅಟ್ಟ ಸೇರಿರುತ್ತದೆ. ಹೀಗೆ ಒಂದು ಅಮೂಲ್ಯ ಸಾಕ್ಷ್ಯಪರಂಪರೆ ಪ್ರತಿ ತಲೆಮಾರಿನಲ್ಲೂ ನಷ್ಟವಾಗುತ್ತ ಬಂದಿದೆ. ಆ ಕೊರತೆಯನ್ನು ತುಂಬಲು ಇದೊಂದು ವಿನಮ್ರ ಪ್ರಯತ್ನ. 'ವಿನಮ್ರ' ಎಂಬುದನ್ನು ರೂಢಿಗಾಗಿ ಬಳಸಿದೆ.

ಮೊದಲು ಲಕ್ಷಣ. ಒಂದು ಬಳೆ, ಇಲ್ಲವೇ ಅಡ್ಡಡ್ಡ ಕಟ್ಟಿದ ಎರಡು ಕಡ್ಡಿ. ಅದರಿಂದ ಇಳಿಬಿಟ್ಟ ದಾರಗಳು. ದಾರದ ತುದಿಯಲ್ಲಿ ಫೆಲ್ಟ್ ಕತ್ತರಿಸಿ, ಹತ್ತಿ ತುಂಬಿ ಹೊಲಿದ ಆನೆ, ಮೋಡ, ಮೀನು, ಚಂದ್ರ, ಮತ್ತು ಮಾಡಿದವರಿಗಷ್ಟೇ ಗುರುತು ಸಿಗುವ ಇನ್ನೊಂದು ಪ್ರಾಣಿ. ಈ ಐದನೆಯದು ಇಲ್ಲದ ತೂಗುಗೊಂಬೆ ಅಂಗಡಿಯದು, ಮನೆಯಲ್ಲಿ ಮಾಡಿದ್ದಲ್ಲ. ಪೇಟೆಯಲ್ಲಿ ಇದನ್ನು ಮೊಬೈಲ್ ಎನ್ನುತ್ತಾರೆ. ಮನೆಯಲ್ಲಿ ಹಾಗೆಂದರೆ ಎಲ್ಲರೂ ಚಾರ್ಜರ್ ಹುಡುಕುವುದರಿಂದ ಇಲ್ಲಿ ಆ ಪ್ರಯೋಗವನ್ನು ಕೈಬಿಟ್ಟಿದೆ.

ಇನ್ನು ಪ್ರಾಚೀನತೆ. ವಸ್ತು ಯಾವುದೇ ಇರಲಿ, ಅದನ್ನು ಸಾಧ್ಯವಾದಷ್ಟು ಹಿಂದಕ್ಕೆ ತಳ್ಳುವುದು ಸಂಶೋಧಕಿಯ ಕರ್ತವ್ಯ. ನಮ್ಮ ಹಳೆಯ ಮನೆಗಳಲ್ಲಿ ತೊಲೆಯಿಂದ ನೆಲುವು ಇಳಿಬಿದ್ದಿರುತ್ತಿತ್ತು; ಅದರಲ್ಲಿ ಹಾಲು, ಬೆಣ್ಣೆಯ ಗಡಿಗೆ. ಗಾಳಿ ಬಂದರೆ ತೂಗುತ್ತದೆ, ದಾರ ಉಂಟು, ಭಾರ ಉಂಟು, ಕೆಳಗೆ ಕೂತು ಕಣ್ಣೆವೆ ಮಿಟುಕಿಸದೆ ಮೇಲೆ ನೋಡುವ ಬೆಕ್ಕೂ ಉಂಟು. ತೂಗುಗೊಂಬೆಯ ಸಕಲ ಲಕ್ಷಣಗಳೂ ಇಲ್ಲಿ ಸಿದ್ಧವಾಗಿರುವುದರಿಂದ ಬೆಕ್ಕನ್ನೇ ಈ ಪರಂಪರೆಯ ಆದಿಪ್ರೇಕ್ಷಕ ಎನ್ನಲು ಅಡ್ಡಿಯಿಲ್ಲ. ಉತ್ತರ ಕನ್ನಡದ ಮನೆಗಳಲ್ಲಿ ಚೌತಿಯ ಗಣಪತಿಯ ನೆತ್ತಿಯ ಮೇಲೆ ಫಲಾವಳಿ ಕಟ್ಟುತ್ತಾರೆ: ಅಡಿಕೆ ಗೊನೆ, ತೆಂಗಿನಕಾಯಿ, ಕಾಡಿನಿಂದ ತಂದ ಹಣ್ಣುಕಾಯಿ. ನೋಡಲು ಬಂದವರು ಎದುರಿಗೆ ನಿಂತು 'ಎಷ್ಟು ಚಂದ' ಅನ್ನುತ್ತಾರೆ. ಗಣಪತಿಗೆ ಕಾಣುವುದು ಅವುಗಳ ಬುಡ ಮಾತ್ರ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಅಂಗಡಿಯ ಬಾಗಿಲಲ್ಲಿ ತೂಗುವ ನಿಂಬೆಹಣ್ಣು-ಮೆಣಸಿನಕಾಯಿಯೂ ಇದೇ ಕುಲದ್ದೇ ಎಂಬ ವಾದವಿದೆ. ವಾದ ನನ್ನದೇ ಆದ್ದರಿಂದ ಹೆಚ್ಚು ಚರ್ಚಿಸುವುದಿಲ್ಲ.

ಫೆಲ್ಟ್‌ನ ಹಕ್ಕಿಗೆ ಇನ್ನೂ ದೊಡ್ಡ ವಂಶಾವಳಿಯಿದೆ, ಅದೂ ಊಹೆಯಲ್ಲ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಾಜಿರಿಕ್ ಎಂಬಲ್ಲಿ ಪುರಾತತ್ತ್ವಜ್ಞ ಸೆರ್ಗೆಯ್ ರುಡೆಂಕೊ 1940ರ ದಶಕದ ಕೊನೆಯಲ್ಲಿ ಸಮಾಧಿ ದಿಬ್ಬಗಳನ್ನು ಅಗೆಸಿದರು. ಒಳಗೆ ನೀರು ಇಳಿದು ಮಂಜುಗಡ್ಡೆಯಾಗಿದ್ದರಿಂದ ಬಟ್ಟೆಬರೆಯೆಲ್ಲ ಕೊಳೆಯದೆ ಉಳಿದಿತ್ತು. ಅಲ್ಲಿ ಸಿಕ್ಕಿದವು ಫೆಲ್ಟ್‌ನಿಂದ ಹೊಲಿದು, ಒಳಗೆ ಜಿಂಕೆಯ ಕೂದಲು ತುಂಬಿದ ಹಂಸಗಳು. ಎರಡು ಸಾವಿರ ವರ್ಷಕ್ಕೂ ಹಳೆಯವು. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿವೆ. ರಥದ ಮೇಲ್ಕಟ್ಟನ್ನು ಅಲಂಕರಿಸಿದ್ದವೆಂದು ವಿದ್ವಾಂಸರ ಅಭಿಪ್ರಾಯ. ಅವು ತೂಗುತ್ತಿರಲಿಲ್ಲ, ಕಾಲಿಗೆ ಸಿಕ್ಕಿಸಿದ ಕಡ್ಡಿಯ ಮೇಲೆ ನಿಂತಿದ್ದವು ಎಂದು ಯಾರಾದರೂ ಆಕ್ಷೇಪಿಸಬಹುದು. ನಿಂತಿರಲಿ, ತೂಗಲಿ, ಮೇಲ್ಕಟ್ಟಿನ ಕೆಳಗೆ ಕೂತವನಿಗೆ ಹಂಸದ ಕೊಕ್ಕು ಕಂಡಿರಲಾರದು. ಮತ್ತೆ ಗಣಪತಿಯದೇ ಪಾಡು.

ಫೆಲ್ಟ್ ಎಂದರೆ ನೇಯದ ಬಟ್ಟೆ. ನಮ್ಮ ಕುರುಬರ ಕಂಬಳಿಗೆ ನೂಲಬೇಕು, ಹಾಸುಹೊಕ್ಕು ಬೇಕು, ಮಗ್ಗ ಬೇಕು. ಫೆಲ್ಟ್‌ಗೆ ಇದೊಂದೂ ಬೇಡ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದ ಚಿಪ್ಪುಗಳಿರುತ್ತವೆ. ಬಿಸಿನೀರು, ಸೋಪು ಹಾಕಿ ತಿಕ್ಕಿದರೆ ಆ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಕಾಶ್ಮೀರ, ಕಚ್ಛ್‌ಗಳ ನಮ್ದಾ ಹಾಸು ಆಗುವುದು ಹೀಗೆ. ಒಳ್ಳೆಯ ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದು ಗೊಂಬೆಯ ಅಳತೆಗೆ ತಂದವರು ಈ ತತ್ತ್ವವನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದಾರೆ, ಆದರೆ ಅವರಿಗೆ ಮನೆಯಲ್ಲಿ ಮನ್ನಣೆ ಸಿಕ್ಕಿಲ್ಲ. ಚಿಕ್ಕಪೇಟೆಯ ಲೇಸು-ಗುಂಡಿ ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಹಾಳೆ ಮಾತ್ರ ಬಹುಮಟ್ಟಿಗೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಕಚ್ಚುಳ್ಳ ಸೂಜಿಗಳಿಂದ ಯಂತ್ರ ಚುಚ್ಚಿ ಚುಚ್ಚಿ ಎಳೆಗಳನ್ನು ಹೆಣೆದಿರುತ್ತದೆ. ಕುರಿಗೂ ಅದಕ್ಕೂ ಪರಿಚಯವೇ ಇಲ್ಲ. ಆದರೂ ಒಂದು ಗುಣ ಎರಡಕ್ಕೂ ಸಮಾನ: ಕತ್ತರಿಸಿದ ಅಂಚಿನಲ್ಲಿ ದಾರ ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಿಸುವ ಕೆಲಸವಿಲ್ಲ. ಹೊಲಿಗೆ ಬಾರದವರೂ ಈ ಹವ್ಯಾಸಕ್ಕೆ ಧುಮುಕುವುದಕ್ಕೆ ಇದೇ ಮೂಲಕಾರಣ. ಈ ಶಾಸ್ತ್ರದ ಇಂದಿನ ಸ್ಥಿತಿಗೂ ಇದೇ ಕಾರಣ.

ನಿರ್ಮಾಣ ವಿಧಿಯನ್ನು ವಿಸ್ತರಿಸುವುದಿಲ್ಲ. ಕಾಗದದ ಮೇಲೆ ಆನೆ ಬರೆಯುವುದು, ಅದನ್ನು ಎರಡು ಪದರ ಫೆಲ್ಟ್ ಮೇಲೆ ಪಿನ್ ಮಾಡಿ ಕತ್ತರಿಸುವುದು, ಅಂಚಿನಗುಂಟ ಬ್ಲಾಂಕೆಟ್ ಸ್ಟಿಚ್ ಹಾಕುತ್ತ ಬಂದು, ಬೆರಳು ತೂರುವಷ್ಟು ಜಾಗ ಬಿಟ್ಟು, ಪೆನ್ಸಿಲಿನಿಂದ ಹತ್ತಿ ತಳ್ಳುವುದು. ಸೊಂಡಿಲಿಗೆ ಮೊದಲು ತುಂಬಬೇಕು. ಹೊಟ್ಟೆ ತುಂಬಿದ ಮೇಲೆ ಸೊಂಡಿಲಿಗೆ ಹತ್ತಿ ಹೋಗುವುದಿಲ್ಲ. ಕಣ್ಣಿಗೆ ಗುಂಡಿ, ಮಣಿ ಬೇಡ. ಕಿತ್ತು ಕೆಳಗೆ ಬಿದ್ದರೆ ಮಗುವಿನ ಗಂಟಲಿಗೆ ಅಪಾಯ. ಕಪ್ಪು ದಾರದ ಒಂದು ಗಂಟು ಸಾಕು. ಇದೊಂದು ವಿಧಿಯಲ್ಲಿ ಹಾಸ್ಯವಿಲ್ಲ. ಆ ಗಂಟು ಒಂದು ಕೂದಲೆಳೆ ಮೇಲೆ ಹೋದರೆ ಆನೆ ಆಶ್ಚರ್ಯಪಡುತ್ತದೆ, ಕೆಳಗೆ ಬಂದರೆ ಸಾಲ ಕೇಳಲು ಬಂದಂತೆ ನೋಡುತ್ತದೆ. ಎರಡೂ ಮುಖಭಾವಗಳನ್ನು ಶಾಸ್ತ್ರ ಒಪ್ಪುತ್ತದೆ.

ಈಗ ಪ್ರಬಂಧದ ಹೃದಯಭಾಗ. ಮೀಮಾಂಸಕರ ಪದ್ಧತಿಯಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಕ್ರಮವಾಗಿ ಹೋಗೋಣ. ವಿಷಯ: ಆನೆ. ಸಂಶಯ: ಇದು ಯಾರಿಗಾಗಿ? ಪೂರ್ವಪಕ್ಷವನ್ನು ನಮ್ಮ ಅತ್ತೆಯವರು ವಹಿಸಿಕೊಂಡರು.

"ಏನೇ ಇದು, ಹಂದಿಯಾ?"

"ಅಲ್ಲ ಅತ್ತೆ, ಆನೆ. ಮಗೂಗೆ."

"ಮಗೂಗೆ ಇದು ಕಾಣುತ್ತೇನೇ? ನೀನು ಪಕ್ಕದಲ್ಲಿ ನಿಂತಿದ್ದೀಯ. ಅದು ಕೆಳಗೆ ಮಲಗಿದೆ."

ಪೂರ್ವಪಕ್ಷ ಇಷ್ಟು ಪ್ರಬಲವಾಗಿದ್ದರೆ ಸಿದ್ಧಾಂತಿಗೆ ಕೆಲಸ ಕಷ್ಟ. ಪ್ರಬಂಧಕರ್ತೆ ಕ್ಷೇತ್ರಕಾರ್ಯ ಕೈಗೊಂಡಳು, ಎಂದರೆ ತೊಟ್ಟಿಲ ಪಕ್ಕದ ಚಾಪೆಯ ಮೇಲೆ ಅಂಗಾತ ಮಲಗಿದಳು. ಕಂಡ ಸತ್ಯ ಇದು: ಎರಡು ಚಪ್ಪಟೆ ಪದರ ಸೇರಿಸಿ ಹೊಲಿದ ಪ್ರಾಣಿಯನ್ನು ನೇರ ಕೆಳಗಿನಿಂದ ನೋಡಿದರೆ ಆನೆಯೂ ಇಲ್ಲ, ಮೀನೂ ಇಲ್ಲ, ಚಂದ್ರನೂ ಇಲ್ಲ. ಇರುವುದು ಒಂದು ಹೊಲಿಗೆ. ನಾಮರೂಪಗಳ ಭೇದವೆಲ್ಲ ಅಳಿದು ಹೊಲಿಗೆಯೊಂದೇ ಪರಮಾರ್ಥವಾಗಿ ಉಳಿಯುತ್ತದೆ. ಪಕ್ಕದಲ್ಲಿ ನಿಂತ ನಾವು ದ್ವೈತಿಗಳು. ಮಲಗಿದ ಮಗು ಶುದ್ಧ ಅದ್ವೈತಿ. ಹುಟ್ಟಿದ ಹೊಸತರಲ್ಲಿ ಮಗುವಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಹೇಗೂ 20ರಿಂದ 30 ಸೆಂಟಿಮೀಟರ್ ದೂರದಷ್ಟೇ, ಅದೂ ಕಪ್ಪು-ಬಿಳುಪಿನಂಥ ಗಾಢ ಭೇದಗಳು. ನಾವು ಅಂಗಡಿಯವನನ್ನು ಕಾಡಿ ಆರಿಸಿ ತಂದ ತೆಳು ಗುಲಾಬಿ, ತಿಳಿ ಹಸಿರು, ಬೂದು ಬಣ್ಣಗಳು ಆ ಅದ್ವೈತದಲ್ಲಿ ಇನ್ನಷ್ಟು ಲೀನವಾಗುತ್ತವೆ.

ಪರಿಹಾರ ಇಲ್ಲದಿಲ್ಲ. ಆನೆಯನ್ನು ಬೆನ್ನಿನಿಂದ ಕಟ್ಟದೆ, ಒಂದು ಮಗ್ಗುಲಿಗೆ ದಾರ ಪೋಣಿಸಿ ಅಡ್ಡಡ್ಡ ಮಲಗಿಸಿ ತೂಗುಬಿಟ್ಟರೆ ಅದರ ಇಡೀ ಚಿತ್ರ ಮಗುವಿನ ಕಡೆ ತಿರುಗುತ್ತದೆ. ಪ್ರಯೋಗ ಯಶಸ್ವಿಯಾಯಿತು. ಮಗು ಕೈಕಾಲು ಬಡಿದು ಒಪ್ಪಿಗೆ ಸೂಚಿಸಿತು. ಆದರೆ ಮನೆಯಲ್ಲಿ ಕೋಲಾಹಲವೆದ್ದಿತು. "ಆನೆ ಸತ್ತು ಬಿದ್ದಿರೋ ಹಾಗೆ ಕಾಣುತ್ತೆ ಕಣೇ, ತೊಟ್ಟಿಲ ಮೇಲೆ ಇದೆಂಥ ಅಪಶಕುನ" ಎಂದರು ಅತ್ತೆ. ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ನಾದಿನಿ ಷರಾ ಬರೆದಳು. ಆನೆ ಮತ್ತೆ ಎದ್ದು ನಿಂತಿತು. ಸಿದ್ಧಾಂತ ಇಲ್ಲಿಗೆ ಸಿದ್ಧವಾಯಿತು: ತೂಗುಗೊಂಬೆ ಮಗುವಿನದೆಂಬುದು ಉಪಚಾರದ ಮಾತು. ಅದು ಪಕ್ಕದಲ್ಲಿ ನಿಂತವರದು. ಅವರಲ್ಲೂ ಮುಖ್ಯವಾಗಿ ಸೂಜಿ ಹಿಡಿದವರದು.

ಹೀಗಿರುವಾಗ ಸೂಜಿ ಹಿಡಿದವರ ಸುಖ ಯಾವುದೆಂದು ವಿಚಾರಿಸಬೇಕು. ಅದು ತಕ್ಕಡಿಯ ಸುಖ. ಆನೆಗೆ 12 ಗ್ರಾಂ, ಇಲಿಗೆ 4 ಗ್ರಾಂ ತೂಕವೆನ್ನೋಣ. ಕಡ್ಡಿಯ ನಡುಗೊಂಡಿಯಿಂದ ಆನೆಯನ್ನು 5 ಸೆಂಟಿಮೀಟರ್ ದೂರದಲ್ಲಿ ಕಟ್ಟಿದರೆ, ಇಲಿಯನ್ನು ಇನ್ನೊಂದು ಕಡೆ 15 ಸೆಂಟಿಮೀಟರ್ ದೂರಕ್ಕೆ ಕಳಿಸಬೇಕು. ಹನ್ನೆರಡೈದ್ಲಿ ಅರವತ್ತು, ಹದಿನೈದ್ ನಾಕ್ಲಿ ಅರವತ್ತು. ಆರ್ಕಿಮಿಡೀಸನ ಸನ್ನೆಗೋಲಿನ ನಿಯಮ ಇಷ್ಟೇ. ಗಣಪತಿಯ ಭಾರಕ್ಕೆ ಮೂಷಿಕ ಸಮನಾದದ್ದು ಹೇಗೆಂಬ ಪುರಾತನ ಶಂಕೆಗೂ ಇದರಿಂದ ಪರಿಹಾರ ಸಿಗುತ್ತದೆ. ಇಲ್ಲಿ ಕಡ್ಡಿಯ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಡ್ಡ ಬರುವ ಸಂಗತಿಗಳನ್ನು ಹೀಗೆ ಬಿಟ್ಟುಬಿಡುವುದು ಸಂಶೋಧನೆಯಲ್ಲಿ ವಾಡಿಕೆ. ಕಡ್ಡಿ ಒಂದಕ್ಕಿಂತ ಹೆಚ್ಚಿದ್ದರೆ ಕೆಳಗಿನದರಿಂದ ಮೇಲಕ್ಕೆ ಕಟ್ಟುತ್ತ ಹೋಗಬೇಕು. ಮೇಲಿನಿಂದ ಕೆಳಕ್ಕೆ ಬಂದರೆ ಪ್ರತಿ ಹೊಸ ಪ್ರಾಣಿಗೂ ಹಿಂದಿನ ಲೆಕ್ಕವೆಲ್ಲ ಕೆಡುತ್ತದೆ. ಕಡ್ಡಿಯ ಬದಲು ತಂತಿ ಬಳಸಿ ಅದನ್ನು ತುಸು ಬಾಗಿಸಿ, ಕೊಂಡಿಯನ್ನು ಭಾರಗಳ ಮಟ್ಟಕ್ಕಿಂತ ಮೇಲೆ ಇಟ್ಟರೆ ಗೊಂಬೆಗಳು ಎಷ್ಟು ಅಲುಗಿದರೂ ತಮ್ಮ ನೆಲೆಗೆ ಮರಳುತ್ತವೆ.

ಈ ವಿದ್ಯೆಯನ್ನು ಕಲೆಯ ಪೀಠಕ್ಕೇರಿಸಿದವನು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್. 1919ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಈತ 1930ರ ದಶಕದಿಂದ ತಂತಿ, ತಗಡುಗಳನ್ನು ಗಾಳಿಗೆ ತೂಗುಬಿಡುತ್ತ ಬಂದ. 1955ರಲ್ಲಿ ಅಹಮದಾಬಾದಿನ ಸಾರಾಭಾಯಿ ಕುಟುಂಬದ ಗಿರಾ ಅವರ ಆಹ್ವಾನದ ಮೇಲೆ ಭಾರತಕ್ಕೂ ಬಂದು, ಪ್ರಯಾಣದ ಖರ್ಚಿಗೆ ಪ್ರತಿಯಾಗಿ ಅವರ ಮನೆಯಲ್ಲೇ ಕಲಾಕೃತಿಗಳನ್ನು ಮಾಡಿಕೊಟ್ಟ. ತೂಗುಗೊಂಬೆ ಮಾಡಿಕೊಟ್ಟು ಪ್ರಯಾಣದ ಖರ್ಚು ಪಡೆದವರು ಇದ್ದಾರೆಂಬುದಕ್ಕೆ ಇದು ಆಧಾರ. ನಮಗೆ ಈತನಕ ಆಟೋ ಚಾರ್ಜೂ ಹುಟ್ಟಿಲ್ಲ.

ಹವಾಮಾನಶಾಸ್ತ್ರಕ್ಕೆ ನಮ್ಮ ಕೊಡುಗೆಯನ್ನು ಹೇಳದೆ ಮುಂದೆ ಹೋಗಲಾರೆ. ಉಣ್ಣೆಗೆ ತೇವ ಹೀರುವ ಗುಣ ಅಪಾರ. ಮುಟ್ಟಿದರೆ ಒದ್ದೆ ಅನ್ನಿಸದಂತೆಯೇ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರದಷ್ಟು ತೇವವನ್ನು ಒಳಗಿಟ್ಟುಕೊಳ್ಳಬಲ್ಲದು. 15ನೇ ಶತಮಾನದ ಜರ್ಮನ್ ಚಿಂತಕ, ಕ್ಯೂಸಾದ ನಿಕೊಲಾಸ್ ಇದನ್ನು ಗಮನಿಸಿ, ತಕ್ಕಡಿಯ ಒಂದು ಕಡೆ ಉಣ್ಣೆ, ಇನ್ನೊಂದು ಕಡೆ ಕಲ್ಲು ಇಟ್ಟರೆ ಗಾಳಿಯ ತೇವವನ್ನು ಅಳೆಯಬಹುದೆಂದು ಬರೆದ. ಕಡ್ಡಿಯ ಒಂದು ತುದಿಗೆ ಅಪ್ಪಟ ಉಣ್ಣೆಯ ಆನೆ, ಇನ್ನೊಂದು ತುದಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ಕಟ್ಟಿದರೆ ಇದೇ ಯಂತ್ರ ಸಿದ್ಧ. ಆಗುಂಬೆಯ ಕಡೆ ಆಷಾಢದಲ್ಲಿ ಆನೆ ದಿನದಿನಕ್ಕೂ ಕೆಳಗಿಳಿದು, ನವರಾತ್ರಿಯ ಹೊತ್ತಿಗೆ ಮತ್ತೆ ಮೇಲೇಳಬೇಕು. ಪಾಲಿಯೆಸ್ಟರ್ ಆನೆಗೆ ಋತುಮಾನದ ಪರಿವೆಯಿಲ್ಲ. ವೈಜ್ಞಾನಿಕ ದೃಷ್ಟಿಯಿಂದ ಅದು ನಿರುಪಯುಕ್ತ.

ತೂಗುಗೊಂಬೆಯ ಮಹಾಶತ್ರು ಸೀಲಿಂಗ್ ಫ್ಯಾನ್. ಎರಡನೇ ಸ್ಪೀಡಿಗೆ ಆನೆ, ಮೀನು, ಚಂದ್ರರು ಒಂದೇ ಜಡೆಯಾಗುತ್ತಾರೆ. ಬಿಡಿಸಲು ಒಂದು ಮಧ್ಯಾಹ್ನ ಬೇಕು. ಹಳೆಯ ಮನೆಯ ತೊಲೆಯಲ್ಲಿ ತೊಟ್ಟಿಲಿಗೆಂದೇ ಕೊಂಡಿ ಇರುತ್ತಿತ್ತು. ಬೆಂಗಳೂರಿನ ಬಾಡಿಗೆ ಫ್ಲಾಟಿನಲ್ಲಿ ಸೂರಿಗೆ ಇರುವ ಒಂದೇ ಕೊಂಡಿಯನ್ನು ಫ್ಯಾನ್ ಹಿಡಿದಿದೆ. ಮೊಳೆ ಹೊಡೆಯಕೂಡದೆಂದು ಕರಾರುಪತ್ರದಲ್ಲಿ ಮನೆ ಮಾಲೀಕರು ಮೊದಲೇ ಬರೆಸಿಕೊಂಡಿರುತ್ತಾರೆ. ಕನ್ನಡದಲ್ಲಿ ಈ ಕಲೆ ನಿರೀಕ್ಷಿತ ಮಟ್ಟಕ್ಕೆ ಬೆಳೆಯದಿರಲು ಪ್ರತಿಭೆಯ ಅಭಾವ ಕಾರಣವಲ್ಲ, ಕೊಂಡಿಯ ಅಭಾವ ಕಾರಣ.

ಕೊನೆಗೆ, ನಗೆಯನ್ನು ಬದಿಗಿಟ್ಟು ಪಾಲಿಸಬೇಕಾದ ಇನ್ನೊಂದು ವಿಧಿ. ತೂಗುಗೊಂಬೆ ಎಂದೂ ಮಗುವಿನ ಕೈಗೆ ಎಟುಕಬಾರದು. ಮಗು ಅಂಗೈ ಮಂಡಿ ಊರಿ ಮೈ ಎತ್ತತೊಡಗಿದ ದಿನವೇ ಅದನ್ನು ಬಿಚ್ಚಿ ತೆಗೆಯಬೇಕು. ಅಷ್ಟರೊಳಗೆ ಎತ್ತದಿದ್ದರೂ ಐದು ತಿಂಗಳಿಗೆ ತೆಗೆಯಲೇಬೇಕು. ದಾರ ಕೊರಳಿಗೆ ಸುತ್ತಿಕೊಳ್ಳುವ ಭಯವಿದೆ. ಬಿಚ್ಚಿದ್ದನ್ನು ದಯವಿಟ್ಟು ಅಟ್ಟಕ್ಕೆ ಹಾಕಬೇಡಿ. ಮಗುವಿಗೆ ಎಟುಕದ ಕಿಟಕಿಯ ಬಳಿ, ನಿಮ್ಮ ಕಣ್ಣಿನ ಮಟ್ಟಕ್ಕೆ, ಫ್ಯಾನಿನಿಂದ ದೂರದಲ್ಲಿ ನೇತುಹಾಕಿಕೊಳ್ಳಿ.