ರೋಗಿಯ ಹೆಸರು: ಶ್ಯಾಮಲಾ

ನಮ್ಮ ಶ್ಯಾಮಲೆ ಹೋಗುವ ಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳ ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ‘ಜೋಪಾನ’ ಅಂತ ಬರೆದಿದೆ. ಅಡಿಯಲ್ಲಿ ಎರಡು ಗೆರೆ ಬೇರೆ. ನಮ್ಮ ವಂಶದಲ್ಲಿ ಇದುವರೆಗೆ ಯಾರ ಮೇಲೂ ಇಂಥ ಷರಾ ಬಿದ್ದಿರಲಿಲ್ಲ. ನಾನೋ, ಹೈಸ್ಕೂಲು ಟೀಚರು. ಎಂಟನೇ ತರಗತಿ ಬಿ ಸೆಕ್ಷನ್ನಿನ ಗಂಡುಹುಡುಗರನ್ನು ಬರೀ ಹುಬ್ಬು ಏರಿಸಿ ಕೂರಿಸುತ್ತೇನೆ ಅಂತ ಸ್ಟಾಫ್ ರೂಮಿನಲ್ಲಿ ಹೆಸರು ಮಾಡಿದವಳು. ಆ ಹುಬ್ಬನ್ನು ಶ್ಯಾಮಲೆಯ ಮೇಲೂ ಪ್ರಯೋಗಿಸಿ ನೋಡಿದ್ದೇನೆ. ಅವಳು ಆಕಳಿಸಿದಳು.

ಹಾಗಂತ ಅವಳೇನು ರಾಕ್ಷಸಿಯಲ್ಲ. ಮನೆಯಲ್ಲಿ ತನ್ನ ಪಾಡಿಗೆ ತಾನು ಇರುತ್ತಾಳೆ, ಕೆನೆ ಕೊಟ್ಟರೆ ನೆಕ್ಕುತ್ತಾಳೆ, ಕರೆದರೆ ಬರುವುದಿಲ್ಲ. ತೊಂದರೆ ಶುರುವಾಗುವುದು ಅಟ್ಟದಿಂದ ಅವಳ ಪ್ರಯಾಣದ ಪೆಟ್ಟಿಗೆ ಇಳಿಸಿದಾಗ. ದಸರಾ ಬೊಂಬೆಗಳ ಟ್ರಂಕಿನ ಪಕ್ಕದಲ್ಲೇ ಅದರ ಜಾಗ. ಬೊಂಬೆ ಇಳಿಸಲು ಸ್ಟೂಲು ಎಳೆದರೂ ಸಾಕು, ಶ್ಯಾಮಲೆ ನಾಪತ್ತೆ. ಅತ್ತೆಯವರ ಮಂಚದ ಕೆಳಗೆ, ಹಪ್ಪಳದ ಡಬ್ಬಿಗಳ ಹಿಂದೆ, ಗೋಡೆಗೆ ಅಂಟಿಕೊಂಡು ಎರಡು ಹಸಿರು ಕಣ್ಣು ಮಾತ್ರ ಹೊಳೆಯುತ್ತಿರುತ್ತವೆ. ನಾನು ಬೋರಲು ಮಲಗಿ, ಪೊರಕೆ ಹಿಡಿದು, ಬಾಯಲ್ಲಿ ‘ಬಾ ಬಂಗಾರಿ’ ಅಂತ ಜೇನು ಸುರಿಸುತ್ತಾ ತೆವಳುವ ದೃಶ್ಯವನ್ನು ಬಿ ಸೆಕ್ಷನ್ನಿನವರು ನೋಡಿಲ್ಲ. ನೋಡಿದ್ದರೆ ನನ್ನ ಹುಬ್ಬಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ಆಟೋ. ಬನಶಂಕರಿಯಿಂದ ಜಯನಗರಕ್ಕೆ ಎಷ್ಟು ಸಿಗ್ನಲ್ಲುಗಳಿವೆಯೋ ಅಷ್ಟೂ ಕಡೆ ಅವಳು ಯಾರೋ ಕೊರಳು ಹಿಸುಕುತ್ತಿದ್ದಾರೆ ಅನ್ನುವ ರಾಗದಲ್ಲಿ ಕೂಗುತ್ತಾಳೆ. ಸ್ಕೂಟರಿನವರು ಬಗ್ಗಿ ನೋಡುತ್ತಾರೆ. ‘ಬೆಕ್ಕು, ಬೆಕ್ಕು’ ಎಂದು ನಾನು ಎಡಕ್ಕೂ ಬಲಕ್ಕೂ ಸಮಜಾಯಿಷಿ ಕೊಡುತ್ತಾ ಹೋಗುತ್ತೇನೆ. ಆಸ್ಪತ್ರೆಯ ಮೇಜಿನ ಮೇಲೆ ಇಳಿಸಿದ ಮೇಲೆ ನಡೆಯುವುದನ್ನು ವರ್ಣಿಸಲಾರೆ. ಕಾಂಪೌಂಡರ್ ಹುಡುಗ ಮೊಣಕೈವರೆಗೆ ಚರ್ಮದ ಕೈಗವಸು ಹಾಕಿಕೊಳ್ಳುತ್ತಾನೆ ಅಂದರೆ ಸಾಕು. ರೇಬೀಸ್ ಲಸಿಕೆಯ ಅರ್ಧ ಶ್ಯಾಮಲೆಗೂ ಅರ್ಧ ಟವೆಲಿಗೂ ಹೋದ ಒಂದು ಸಲ ನನ್ನ ಬಾಯಿಂದ ತಾನಾಗಿ ಒಂದು ಮಾತು ಹೊರಟಿತು: ‘ಮನೇಲಿ ತುಂಬಾ ಒಳ್ಳೆಯವಳು ಡಾಕ್ಟ್ರೇ.’

ಹೇಳಿದ ಮೇಲೆ ಮೈ ಜುಂ ಅಂದಿತು. ಪೇರೆಂಟ್ಸ್ ಮೀಟಿಂಗಿನಲ್ಲಿ ಇಪ್ಪತ್ತು ವರ್ಷಗಳಿಂದ ಇದೇ ಮಾತನ್ನು ಮೇಜಿನ ಆಚೆ ಕಡೆಯಿಂದ ಕೇಳಿಸಿಕೊಂಡು, ಮುಖದ ಮೇಲೆ ಸಹಾನುಭೂತಿ ಇಟ್ಟುಕೊಂಡು, ಒಳಗೊಳಗೇ ನಕ್ಕವಳು ನಾನು. ಡಾಕ್ಟರ ಮುಖದ ಮೇಲೆ ಈಗ ಅದೇ ಸಹಾನುಭೂತಿ ಇತ್ತು.

‘ಇದು ಸೊಕ್ಕಲ್ಲ ಮೇಡಂ, ಹೆದರಿಕೆ’ ಅಂದರು ಆಕೆ. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿರಬಹುದಾದಂಥವರು. ಬೆಕ್ಕಿಗೆ ಮನುಷ್ಯರಿಗಿಂತ ಜಾಗ ಮುಖ್ಯವಂತೆ. ತನ್ನ ವಾಸನೆ ಇರುವ ಜಾಗದಿಂದ ಎತ್ತಿ, ಪೆಟ್ಟಿಗೆಗೆ ತುಂಬಿ, ಕುಲುಕಿಸಿ, ಡೆಟಾಲು ವಾಸನೆಯ ನಡುವೆ ನಾಯಿಗಳ ಬೊಗಳಾಟಕ್ಕೆ ತಂದು ಇಟ್ಟರೆ ಯಾವ ಬೆಕ್ಕಾದರೂ ಕೈಗೆ ಸಿಕ್ಕಿದ್ದನ್ನು ಪರಚುತ್ತದೆ. ಅಷ್ಟೇ ಅಲ್ಲ, ಹೆದರಿದ ಬೆಕ್ಕಿನ ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆಯೂ ಏರುತ್ತದೆ. ಆವತ್ತು ಹೇಗೋ ತೆಗೆದ ರಕ್ತದಲ್ಲಿ ಶುಗರ್ ಜಾಸ್ತಿಯೇ ಬಂದಿತ್ತು. ‘ಇದು ಕಾಯಿಲೆಯೋ ಹೆದರಿಕೆಯೋ ನಂಗೆ ಗೊತ್ತಾಗಲ್ಲ. ಮುಂದಿನ ಸಲ ಮಾತ್ರೆ ಕೊಟ್ಟು ಕರ್ಕೊಂಡ್ಬನ್ನಿ’ ಅಂದರು. ನಾನು ಹಲ್ಲು ಬಿಟ್ಟು ಬಾಯಿ ತೆರೆಯುವ ಮೊದಲೇ, ‘ಬೆಕ್ಕಿಗೆ ಮಾತ್ರ’ ಅಂತ ಸೇರಿಸಿದರು. ಆ ಜೋಕನ್ನು ಅವರು ದಿನಾ ಕೇಳುತ್ತಾರಂತೆ.

ಬರೆದುಕೊಟ್ಟಿದ್ದು ಗ್ಯಾಬಪೆಂಟಿನ್, 100 ಮಿಲಿಗ್ರಾಂ. ಮನೆಗೆ ಬಂದು ಹೆಸರು ಓದಿದರೆ ಮಾವನವರು ಪೇಪರಿನಿಂದ ತಲೆ ಎತ್ತಿದರು. ಅವರಿಗೆ ಶುಗರ್‌ನಿಂದ ಪಾದ ಉರಿ. ಅದಕ್ಕೆ ರಾತ್ರಿ ಮಲಗುವಾಗ ನುಂಗುವುದೂ ಗ್ಯಾಬಪೆಂಟಿನ್ನೇ, 300. ಔಷಧ ಹುಟ್ಟಿದ್ದು ಮನುಷ್ಯರಿಗಾಗಿ. 1993ರ ಕೊನೆಯಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೂರ್ಛೆರೋಗಕ್ಕೆ, ನರದ ನೋವಿಗೆ ಬಂದಿದ್ದು ಆಮೇಲೆ, ಬೆಕ್ಕಿನ ಭಯಕ್ಕೆ ಇನ್ನೂ ಆಮೇಲೆ. ಈ ಚರಿತ್ರೆಯಿಂದ ಮಾವನವರಿಗೆ ಸಮಾಧಾನವಾಗಲಿಲ್ಲ. ನಿವೃತ್ತ ಲೆಕ್ಕಾಧಿಕಾರಿ ಅವರು. ಪೇಪರಿನ ಅಂಚಿನಲ್ಲೇ ಭಾಗಾಕಾರ ಹಾಕಿದರು.

‘ನೋಡಮ್ಮ, ನಾನು 72 ಕೆಜಿ. ನನಗೆ ಕೆಜಿಗೆ ನಾಲ್ಕು ಮಿಲಿಗ್ರಾಂ ಬೀಳುತ್ತೆ. ಅದು 4.2 ಕೆಜಿ. ಅದಕ್ಕೆ ಕೆಜಿಗೆ ಸುಮಾರು ಇಪ್ಪತ್ನಾಲ್ಕು! ಇದ್ಯಾವ ನ್ಯಾಯ?’

‘ನಿಮಗೆ ಪರಚಕ್ಕೆ ಬರಲ್ವಲ್ಲ’ ಅಂದರು ಅತ್ತೆ, ಬೀನ್ಸ್ ನಾರು ತೆಗೆಯುತ್ತಾ.

ಅದು ಪ್ರಾಣಿಗಳ ಔಷಧದ ಅಂಗಡಿಯಲ್ಲಿ ಸಿಗುವುದಲ್ಲ, ಮನುಷ್ಯರ ಮೆಡಿಕಲ್ ಸ್ಟೋರಿಗೇ ಹೋಗಬೇಕು. ಸಂಜೆ ಹೊತ್ತು, ಹಿಂದೆ ಐದಾರು ಜನ. ಚೀಟಿ ಓದಿದ ಹುಡುಗ ಕನ್ನಡಕ ಸರಿಮಾಡಿಕೊಂಡ. ‘ಪೇಷೆಂಟ್ ಶ್ಯಾಮಲಾ. ವಯಸ್ಸು ಐದು. ಅಯ್ಯೋ, ಮಗೂಗೆ ನರದ ನೋವಾ ಮೇಡಂ?’ ಹಿಂದಿನಿಂದ ಒಬ್ಬ ಹೆಂಗಸು ‘ತ್ಚು ತ್ಚು’ ಅಂದರು. ‘ಮಗು ಅಲ್ಲ, ಬೆಕ್ಕು’ ಅಂದೆ ಮೆಲ್ಲಗೆ. ‘ಏನು?’ ‘ಬೆಕ್ಕು.’ ಈ ಸಲ ಕ್ಲಾಸಿನ ದನಿ ಬಂದುಬಿಟ್ಟಿತು. ಅಂಗಡಿ ಪೂರ್ತಿ ನಿಶ್ಶಬ್ದವಾಯಿತು. ಹುಡುಗ ಅಭ್ಯಾಸಬಲದಿಂದ ಒಂದು ಸ್ಟ್ರಿಪ್ ಎಳೆದಿಟ್ಟ. ನೋಡಿದರೆ ಹೆಸರಿನ ಕೊನೆಗೆ ‘ಎನ್‌ಟಿ’ ಅನ್ನುವ ಬಾಲ. ಅಂದರೆ ಜೊತೆಗೆ ನಾರ್ಟ್ರಿಪ್ಟಿಲಿನ್ ಬೆರೆತಿದ್ದು. ನರದ ನೋವಿಗೆ ಜಾಸ್ತಿ ಹೋಗುವುದು ಅದೇ ಅಂತೆ. ಬರೀ ಗ್ಯಾಬಪೆಂಟಿನ್ ಇರುವ ಕ್ಯಾಪ್ಸೂಲೇ ಬೇಕು, ಬೇರೆ ಯಾವುದೂ ಬೆರೆತಿರಬಾರದು ಅಂತ ಡಾಕ್ಟರು ಬೆರಳು ಅಲ್ಲಾಡಿಸಿ ಹೇಳಿದ್ದರು. ದ್ರವರೂಪದ್ದೂ ತರಬೇಡಿ, ಕೆಲವದರಲ್ಲಿ ಝೈಲಿಟಾಲ್ ಅಂತ ಸಕ್ಕರೆಯ ಬದಲಿ ಇರುತ್ತೆ, ಅದು ನಾಯಿಗಳಿಗಂತೂ ವಿಷ ಅಂದಿದ್ದರು. ನಾನು ಬಾಲವಿಲ್ಲದ್ದನ್ನು ಕೇಳಿ ತಂದೆ. ಬಾಲವಿರುವವಳಿಗೆ.

ರಾತ್ರಿ ಅಮೆರಿಕದಿಂದ ನಾದಿನಿಯ ಫೋನು. ಅಲ್ಲಿ ಬೆಕ್ಕಿನ ಔಷಧದ ಡಬ್ಬಿಯ ಮೇಲೆ ಬೆಕ್ಕಿನ ಹೆಸರಿನ ಮುಂದೆ ಮನೆತನದ ಹೆಸರನ್ನೂ ಅಚ್ಚು ಹಾಕಿ ಕೊಡುತ್ತಾರಂತೆ. 2023ರಲ್ಲಿ ಬೆಕ್ಕುಗಳ ಈ ಭಯಕ್ಕೆಂದೇ ಪ್ರೀಗ್ಯಾಬಲಿನ್ ದ್ರವಕ್ಕೂ ಒಪ್ಪಿಗೆ ಸಿಕ್ಕಿದೆಯಂತೆ. ಅತ್ತೆ ಔಷಧದ ಬಗ್ಗೆ ಏನೂ ಕೇಳಲಿಲ್ಲ. ‘ಸದ್ಯ, ಗೋತ್ರ ಬರೀಲಿಲ್ವಲ್ಲ’ ಅಂದರು.

ಮೊದಲು ರಜೆಯ ದಿನ ಮನೆಯಲ್ಲೇ ಕೊಟ್ಟು ನೋಡಿ ಅಂತ ಡಾಕ್ಟರ ಅಪ್ಪಣೆ. ಇಲ್ಲಿ ಒಂದು ವಿಷಯವನ್ನು ವಿಜ್ಞಾನಿಗಳ ಗಮನಕ್ಕೆ ತರಬೇಕು. ಬೆಕ್ಕನ್ನು ಶಾಂತಗೊಳಿಸುವ ಮಾತ್ರೆಯನ್ನು ಶಾಂತವಾಗಿರುವ ಬೆಕ್ಕಿಗೆ ಮಾತ್ರ ಕೊಡಲು ಸಾಧ್ಯ. ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ಊಟದಲ್ಲಿ ಬೆರೆಸಿ ಅಂದಿದ್ದರು. ಪುಡಿ ಕಹಿ. ‘ನಮ್ಮ ಮಕ್ಕಳಿಗೆಲ್ಲ ತುಪ್ಪದಲ್ಲಿ ಕಲಸಿ ನೆಕ್ಕಿಸ್ತಿದ್ವಪ್ಪ’ ಎಂದು ಅತ್ತೆ ಸಲಹೆ ಕೊಟ್ಟರು. ಘಮಘಮ ತುಪ್ಪದಲ್ಲಿ ಕಲಸಿಟ್ಟೆ. ಶ್ಯಾಮಲೆ ತಟ್ಟೆಯನ್ನು ಮೂರು ಸುತ್ತು ಬಂದಳು, ಅಂಚಿನಿಂದ ನೆಕ್ಕುತ್ತಾ ಒಳಗೆ ಬಂದಳು, ಎದ್ದು ಹೋದಳು. ತಟ್ಟೆ ತೊಳೆದಿಟ್ಟ ಹಾಗೆ ಫಳಫಳ. ನಡುವೆ ಮಾತ್ರ ಕಡಲೆಬೇಳೆಯಷ್ಟು ಬಿಳಿ ಗುಪ್ಪೆ, ಪೂರ್ತಿ 100 ಮಿಲಿಗ್ರಾಂ. ಕೈಯಲ್ಲಿ ಹಿಡಿದು ನೇರ ಬಾಯಿಗೇ ಹಾಕಿದಾಗ ಕಟವಾಯಿಯಿಂದ ಬಿಳಿ ನೊರೆ ಸುರಿಯತೊಡಗಿ, ನಾನು ಡಾಕ್ಟರಿಗೆ ಫೋನು ಮಾಡಿ ಅತ್ತೇಬಿಟ್ಟೆ. ‘ಕಹಿಗೆ ಹಾಗಾಗುತ್ತೆ ಮೇಡಂ, ಒರೆಸಿ ಬಿಡಿ’ ಅಂತ ಫೋನಿಟ್ಟರು.

ಕಡೆಗೆ ಗೆದ್ದಿದ್ದು ಟ್ಯೂನಾ ಮೀನಿನ ಪೇಸ್ಟು, ಉದ್ದ ಪೊಟ್ಟಣದಿಂದ ಹಿಂಡಿ ನೆಕ್ಕಿಸುವಂಥದ್ದು. ಈರುಳ್ಳಿಗೂ ವಾರ ನೋಡುವ ನಮ್ಮ ಮನೆಗೆ ಮೀನು ಬಂದಿದ್ದು ಔಷಧದ ಹೆಸರಿನಲ್ಲಿ. ಅದಕ್ಕೊಂದು ಬೇರೆ ಚಮಚ, ಆ ಚಮಚಕ್ಕೆ ಬಾಲ್ಕನಿಯಲ್ಲಿ ಬೇರೆ ಮೊಳೆ, ತುಳಸಿ ಕುಂಡದಿಂದ ಆ ಮೊಳೆಗೆ ಇಷ್ಟು ದೂರ ಅಂತ ಅತ್ತೆ ಮೊಳ ಹಾಕಿ ಗುರುತು ಮಾಡಿದರು. ಶ್ಯಾಮಲೆ ಚಮಚದ ಹಿಂಭಾಗವನ್ನೂ ಬಿಡದೆ ನೆಕ್ಕಿದಳು.

ಒಂದೂವರೆ ಗಂಟೆಯಾಗುವವರೆಗೆ ಏನೂ ಇಲ್ಲ. ಆಮೇಲೆ ಮುಂಗಾಲು ಅಡುಗೆಮನೆ ಕಡೆ ಹೊರಟರೆ ಹಿಂಗಾಲು ದೇವರಮನೆ ಕಡೆ ತಿರುಗತೊಡಗಿತು. ಬಲವಂತಕ್ಕೆ ಇನ್ನೆರಡು ಹೋಳಿಗೆ ಹಾಕಿಸಿಕೊಂಡ ಬೀಗರು ಎಲೆ ಮುಂದಿನಿಂದ ಏಳುವ ಹಾಗೆ ಎದ್ದಳು, ನಿಂತಳು, ಯಾಕೆ ಎದ್ದೆ ಅನ್ನುವುದನ್ನು ಮರೆತಳು. ಎತ್ತರಕ್ಕೆ ಹತ್ತಲು ಬಿಡಬೇಡಿ ಅಂದಿದ್ದಕ್ಕೆ ಇವರು ಕೈ ಅಗಲಿಸಿಕೊಂಡು ಹಿಂದೆ ಹಿಂದೆಯೇ ಓಡಾಡಿದರು. ಇವರು ಅಂದರೆ ನನ್ನ ಯಜಮಾನರು. ಜೊತೆಗೆ ಫೋನು ನೋಡಿಕೊಂಡು ಪ್ರವಚನ ಬೇರೆ: 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಶ್ವವಿದ್ಯಾಲಯದವರು 20 ಬೆಕ್ಕುಗಳಿಗೆ ಒಂದು ಸಲ ಈ ಮಾತ್ರೆ, ಇನ್ನೊಂದು ಸಲ ಹುಸಿಮಾತ್ರೆ ಕೊಟ್ಟು ಆಸ್ಪತ್ರೆಗೆ ಕರೆಸಿದರಂತೆ. ಯಾವತ್ತು ಯಾವುದು ಅಂತ ಸಾಕಿದವರಿಗೂ ಗೊತ್ತಿರಲಿಲ್ಲವಂತೆ. ನಿಜವಾದ ಮಾತ್ರೆಯ ದಿನ ಬೆಕ್ಕುಗಳು ಸಮಾಧಾನವಾಗಿದ್ದವಂತೆ. ನಮ್ಮ ಮನೆಯಲ್ಲಿ ಮಾತ್ರೆ ಕೊಟ್ಟ ಸಂಗತಿ ಹಾಲಿನವನಿಗೂ ಗೊತ್ತಿತ್ತು. ನಾವು ಸಂಶೋಧನೆಗೆ ನಾಲಾಯಕ್ಕು.

ಅಷ್ಟರಲ್ಲಿ ಶ್ಯಾಮಲೆ ನಡೆದು ನಡೆದು ಅತ್ತೆಯವರ ಮಡಿಲು ಸೇರಿದ್ದಳು. ಐದು ವರ್ಷದಲ್ಲಿ ಅತ್ತೆ ಅವಳನ್ನು ಮುಟ್ಟಿದವರಲ್ಲ. ಕೈ ಗಾಳಿಯಲ್ಲೇ ನಿಂತಿತು. ಧಾರಾವಾಹಿ ಮುಗಿದು ಜಾಹೀರಾತು ಬಂದು ಇನ್ನೊಂದು ಧಾರಾವಾಹಿ ಶುರುವಾಗುವ ಹೊತ್ತಿಗೆ ಆ ಕೈ ಬೆಕ್ಕಿನ ಬೆನ್ನ ಮೇಲಿತ್ತು. ‘ಪಾಪ ಕಣೇ. ದಿನಾ ಒಂದು ಕೊಟ್ರೆ ಏನಾಗುತ್ತೆ?’ ಅಂದರು. ಕೊಡಬಾರದು, ಡಾಕ್ಟರು ಹೇಳಿದ ದಿನಕ್ಕೆ ಮಾತ್ರ ಅಂತ ವಿವರಿಸುವುದೇ ನನಗೆ ಕಷ್ಟವಾಯಿತು. ನನಗೂ ಅದೇ ಆಸೆ ಇತ್ತು ನೋಡಿ. ಎಂಟು ಗಂಟೆಯ ಹೊತ್ತಿಗೆಲ್ಲ ಅಮಲು ಇಳಿಯುತ್ತೆ ಅಂದಿದ್ದರು, ಇಳಿಯಿತು. ಮಡಿಲಿನಲ್ಲಿ ಕಣ್ಣು ಬಿಟ್ಟವಳು ತಾನೆಲ್ಲಿದ್ದೇನೆ ಎಂದು ನೋಡಿ, ಮೇಲಿನ ಮುಖ ಯಾರದೆಂದು ನೋಡಿ, ಸೀರೆಯ ಎರಡು ಎಳೆ ಕಿತ್ತುಕೊಂಡು ಹಾರಿದಳು.

ನಿಜವಾದ ಪರೀಕ್ಷೆ ಶನಿವಾರ ಹನ್ನೊಂದಕ್ಕೆ. ಎರಡು ಗಂಟೆ ಮೊದಲು ಅಂದರೆ ಒಂಬತ್ತಕ್ಕೆ ಮಾತ್ರೆ. ಅತ್ತೆ ಕ್ಯಾಲೆಂಡರ್ ನೋಡಿದರು. ‘ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ರಾಹುಕಾಲದಲ್ಲಿ ಔಷಧ ಶುರು ಮಾಡ್ತಾರೇನೇ?’ ಇವರು ಫೋನು ತೆಗೆದು ಔಷಧದ ಪ್ರಭಾವ ಎರಡು ಮೂರು ಗಂಟೆಯ ನಡುವೆ ಹೆಚ್ಚು ಎಂದು ವಾದಿಸಿದರು. ಮಾವನವರು ದಾರಿಯ ಟ್ರಾಫಿಕ್ಕನ್ನು ಕೂಡಿಸಿ ಕಳೆದರು. ಕಡೆಗೆ ಎಂಟೂ ಮುಕ್ಕಾಲಿಗೆ ನಾಲಿಗೆಗೆ ಮುಟ್ಟಿಸುವುದು, ಹತ್ತೂವರೆ ದಾಟಿದ ಮೇಲೆ ಹೊಸ್ತಿಲು ದಾಟುವುದು ಎಂದು ತೀರ್ಮಾನವಾಯಿತು. ರಾಹುವಿಗೂ ಡಾಕ್ಟರಿಗೂ ಒಪ್ಪಿಗೆಯಾಗುವ ಇಂಥ ಮುಹೂರ್ತ ನಮ್ಮ ಮದುವೆಗೂ ಸಿಕ್ಕಿರಲಿಲ್ಲ.

ಪೆಟ್ಟಿಗೆಯನ್ನು ಡಾಕ್ಟರು ಹೇಳಿದಂತೆ ಮೊದಲೇ ಇಳಿಸಿ, ಬಾಗಿಲು ತೆಗೆದು, ಒಳಗೆ ಅವಳು ಮಲಗುವ ಹಳೇ ಪಂಚೆ ಹಾಸಿ ಹಾಲಿನಲ್ಲಿಟ್ಟಿದ್ದೆ. ಅವಳು ತಾನಾಗಿ ಹೊಕ್ಕು ಮಲಗಿದಳು! ನಾನು ಪೊರಕೆ ಹಿಡಿದು ನಿಂತಿದ್ದೆ, ಅದಕ್ಕೆ ಕೆಲಸವೇ ಇರಲಿಲ್ಲ. ಆಟೋದಲ್ಲಿ ಎರಡು ಸಲ ‘ಮ್ಯಾಂವ್’ ಅಂದಳು, ಅದೂ ದಾರಿ ಕೇಳುವವರ ಧಾಟಿಯಲ್ಲಿ.

ಆಸ್ಪತ್ರೆಯಲ್ಲಿ ಕಾಂಪೌಂಡರ್ ಫೈಲು ನೋಡಿದ, ಕೈಗವಸು ಹಾಕಿಕೊಂಡ, ಬೆಕ್ಕು ನೋಡಿದ, ಮತ್ತೆ ಫೈಲು ನೋಡಿದ. ‘ಇದು ಅದೇ ಬೆಕ್ಕಾ ಮೇಡಂ?’ ತೂಕ, ಲಸಿಕೆ, ರಕ್ತ, ಉಗುರು, ಎಲ್ಲ ಮುಗಿಯಿತು. ಪಕ್ಕದಲ್ಲಿ ಲ್ಯಾಬ್ರಡಾರ್ ಹಿಡಿದು ನಿಂತಿದ್ದವರು ‘ಎಷ್ಟು ಒಳ್ಳೆ ಬೆಕ್ಕು!’ ಅಂದರು. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಒಳಗೊಳಗೇ ಉರಿ. ಇಷ್ಟು ವರ್ಷ ಮೊಣಕೈ ಮೇಲಿನ ಗೀರುಗಳನ್ನು ತೋರಿಸಿ ತೋರಿಸಿ ಸಂಪಾದಿಸಿದ ಅನುಕಂಪವೆಲ್ಲ ಒಂದು ಶನಿವಾರಕ್ಕೆ ನೀರಿನಲ್ಲಿ ಹೋಯಿತಲ್ಲ. ‘ಮಾತ್ರೆ ಕೊಟ್ಟಿದೆ’ ಎಂದು ನಾನಾಗಿಯೇ ಆ ಲ್ಯಾಬ್ರಡಾರ್ ಯಜಮಾನರಿಗೆ ತಿಳಿಸಿದೆ. ‘ಜೋಪಾನ’ ಹೊಡೆದುಹಾಕುತ್ತಾರೇನೋ ಎಂದು ಡಾಕ್ಟರ ಪೆನ್ನನ್ನೇ ನೋಡುತ್ತಿದ್ದೆ. ಅವರು ಅದನ್ನು ಹಾಗೇ ಬಿಟ್ಟು, ಕೆಳಗೆ ‘ಗ್ಯಾಬಾ 100 ಕೊಟ್ಟರೆ ಪರವಾಗಿಲ್ಲ’ ಅಂತ ಬರೆದರು. ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡುವುದು ನನಗೇನು ಹೊಸದಲ್ಲ.

ರಕ್ತದ ವರದಿ ಬಂತು. ಶುಗರ್ ನಾರ್ಮಲ್. ಹೋದ ಸಲದ್ದು ಬರೀ ಹೆದರಿಕೆ. ಇದನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಬಾರದಿತ್ತೇನೋ. ಮಾವನವರು ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, ಇನ್ನೊಂದು ಸಲ ಓದು ಅಂದರು.

ಮುಂದಿನ ವಾರ ಅವರ ಚೆಕಪ್ಪಿಗೆ ನಾನೇ ಜೊತೆಗೆ ಹೋಗಿದ್ದೆ. ಅವರ ಡಾಕ್ಟರು ವರದಿ ನೋಡಿ ಹುಬ್ಬು ಏರಿಸಿದರು. ‘ಏನ್ ಯಜಮಾನ್ರೇ, ಶುಗರ್ ಮೇಲೆ ಹೋಗಿದೆಯಲ್ಲ?’

‘ಅದು ಕಾಯಿಲೆ ಅಲ್ಲ ಡಾಕ್ಟ್ರೇ, ಹೆದರಿಕೆ. ಆಸ್ಪತ್ರೆ ವಾಸನೆಗೆ ಏರುತ್ತೆ.’

‘ಯಾರು ಹೇಳಿದ್ದು?’

‘ನಮ್ಮ ಬೆಕ್ಕಿನ ಡಾಕ್ಟ್ರು.’

ಅವರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಅಭ್ಯಾಸ ಮಾಡತೊಡಗಿದೆ. ‘ಹೆದರಿಕೆಗೆ ಏರೋದು ಆ ಹೊತ್ತಿನ ಶುಗರ್ ಯಜಮಾನ್ರೇ’ ಅಂದರು ಡಾಕ್ಟರು. ‘ಇದು ಮೂರು ತಿಂಗಳ ಸರಾಸರಿ.’

ಮಾವನವರು ಒಂದು ಕ್ಷಣವೂ ತಡಮಾಡಲಿಲ್ಲ.

‘ಮೂರು ತಿಂಗಳಿಂದಲೂ ಹೆದರಿಕೆಯೇ ಸ್ವಾಮಿ. ಮನೇಲಿ ಬೆಕ್ಕಿದೆ.’