ಗಂಡಿನ ಅಕ್ಕ

ಮದುವೆ ಛತ್ರದಲ್ಲಿ ಮದುಮಗನ ಅಕ್ಕ ಯಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ರೂಮುಗಳ ಬೀಗದ ಕೈ ಗೊಂಚಲು ಹಿಡಿದು, ಬಲಗೈಯಲ್ಲಿ ಅಡುಗೆಯವರಿಗೂ ವಾಲಗದವರಿಗೂ ದಿಕ್ಕು ತೋರಿಸುತ್ತಾ ಓಡಾಡುವವಳೇ ಅವಳು. ಮದುಮಗನ ಅಮ್ಮ ಕುರ್ಚಿಯಲ್ಲಿ ಕೂತು ಬಂದವರ ಮಂಡಿನೋವು ವಿಚಾರಿಸುತ್ತಿರುತ್ತಾರೆ. ಅಪ್ಪ ದುಡ್ಡಿನ ಚೀಲ ಬಗಲಲ್ಲಿಟ್ಟುಕೊಂಡು ನಿದ್ದೆಗೆಟ್ಟ ಕಣ್ಣಲ್ಲಿ ನಿಂತಿರುತ್ತಾರೆ. ಮದುವೆ ನಡೆಸುವವಳು ಅಕ್ಕ. ಅವಳ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ, ಯಾರದೋ ಮಗುವನ್ನೋ ಯಾವುದೋ ಡಬ್ಬವನ್ನೋ ಹಿಡಿದುಕೊಂಡು ಒಬ್ಬ ಗಂಡಸು ನಿಂತಿದ್ದರೆ ಆತ ಅವಳ ಗಂಡ. ಹೋದ ವೈಶಾಖದಲ್ಲಿ ಹಾಗೆ ನಿಂತಿದ್ದವನು ನಾನು.

ಇಂಥ ಅಕ್ಕಂದಿರ ಮೂಲಮಂತ್ರ ಒಂದೇ: 'ಅವನಿಗೆ ಏನೂ ಗೊತ್ತಾಗಲ್ಲ.' ನನ್ನ ಬಾಮೈದನಿಗೆ 30 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೈಟ್ ಶಿಫ್ಟಿನ 40 ಜನರನ್ನು ನಿಭಾಯಿಸುತ್ತಾನೆ. ಆದರೆ ಹಾಸನಕ್ಕೆ ಬಂದು ನಮ್ಮ ಮನೆ ಹೊಸಿಲು ದಾಟಿದನೆಂದರೆ ಪುಟ್ಟ. "ಪುಟ್ಟ ಬಿಸಿಲಲ್ಲಿ ಬಂದಿದ್ದಾನೆ, ಫ್ಯಾನ್ ಹಾಕ್ರೀ." ಅದೇ ಬಿಸಿಲಲ್ಲಿ ಅವನನ್ನು ಬಸ್ ಸ್ಟ್ಯಾಂಡಿನಿಂದ ಬ್ಯಾಗ್ ಸಮೇತ ಕರೆತಂದವನು ನಾನು. ಫ್ಯಾನೂ ನಾನೇ ಹಾಕುತ್ತೇನೆ.

ಧಾರೆ ಪಂಚೆ ಕೊಳ್ಳಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದ ದಿನವನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಪುಟ್ಟನಿಗೆ ರಜೆ ಸಿಕ್ಕಿರಲಿಲ್ಲ. ಮೊದಲಿಗೆ ಸೀರೆ. ಯಾವುದೋ ಸೀರೆ ಬಿಡಿಸಿ "ಇದೂ ಮೈಸೂರು ಸಿಲ್ಕೇ ಅಮ್ಮಾ" ಅಂದ ಅಂಗಡಿಯವನಿಗೆ, 1912ರಲ್ಲಿ ಮಹಾರಾಜರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿದಲ್ಲಿಂದ ಶುರುಮಾಡಿ ಪಾಠ ಹೇಳಿ ಎದ್ದುಬಂದಳು. ಪಂಚೆ ಅಂಗಡಿಯಲ್ಲಿ ಬೇರೆಯೇ ಪರೀಕ್ಷೆ. ಒಂದೊಂದು ಪಂಚೆಯ ಅಂಚನ್ನೂ ಕೆನ್ನೆಗೆ ಉಜ್ಜಿ ನೋಡುವಳು.

"ಇದು ಚುಚ್ಚುತ್ತೆ."

"ಪ್ಯೂರ್ ರೇಷ್ಮೆ ಅಮ್ಮಾ, ಎಲ್ಲಿ ಚುಚ್ಚುತ್ತೆ?"

"ನಿಮಗೆ ಚುಚ್ಚಲ್ಲ. ಅವನಿಗೆ ಚುಚ್ಚುತ್ತೆ. ಸ್ಕೂಲ್ ಯೂನಿಫಾರ್ಮಿನ ಕಾಲರಿಗೇ ಕತ್ತೆಲ್ಲ ಕೆಂಪಾಗೋದು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಕೊನೆಗೆ, ಉಟ್ಟರೆ ಹೇಗೆ ಕಾಣುತ್ತದೆಂದು ತಿಳಿಯಲು ನನ್ನನ್ನೇ ಎಬ್ಬಿಸಿ ನಿಲ್ಲಿಸಿ, ಪ್ಯಾಂಟಿನ ಮೇಲೇ ಪಂಚೆ ಸುತ್ತಿಸಿದಳು. ಹೆಗಲಿಗೆ ಶಲ್ಯ. ತಲೆಗೆ ಪೇಟ. "ಹೊಟ್ಟೆ ಒಳಗೆ ಎಳ್ಕೊಳ್ರೀ, ಅವನಿಗೆ ಹೊಟ್ಟೆ ಇಲ್ಲ" ಅಂದಳು. ಎಳೆದುಕೊಂಡೆ. ಪಕ್ಕದ ಗಾದಿಯಲ್ಲಿ ಮೊಮ್ಮಗಳ ಜವಳಿಗೆ ಬಂದಿದ್ದ ಅಜ್ಜಿಯೊಬ್ಬರು ನನ್ನ ನರೆತ ಮೀಸೆಯನ್ನೂ ಪೇಟವನ್ನೂ ಬಹಳ ಹೊತ್ತು ನೋಡಿ, ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದರು: "ಎರಡನೇ ಸಂಬಂಧವೇನಮ್ಮಾ?" ಅಂಚಿನ ಜರಿ ಪರೀಕ್ಷಿಸುತ್ತಿದ್ದ ನನ್ನಾಕೆ ತಲೆಯೆತ್ತದೆ "ಹ್ಞೂಂ, ಹ್ಞೂಂ" ಅಂದುಬಿಟ್ಟಳು. ಅಜ್ಜಿ ನನ್ನತ್ತ ನೋಡಿದ ನೋಟ ಈಗಲೂ ಬೆನ್ನಲ್ಲಿದೆ.

ನನ್ನ ಮದುವೆಗೆ ನನ್ನ ಪಂಚೆ ತಂದವರು ಯಾರೋ ಜ್ಞಾಪಕವಿಲ್ಲ. ಚುಚ್ಚುತ್ತಿತ್ತು ಅನ್ನುವುದು ಮಾತ್ರ ಜ್ಞಾಪಕವಿದೆ.

ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಎಲ್ಲಿ ಬರಬೇಕು, ಚಪ್ಪರಕ್ಕೆ ಬಾಳೆಕಂದು ಯಾರ ತೋಟದ್ದು, ಬೀಗರೂಟಕ್ಕೆ ಮರಿ ಎಷ್ಟು, ಇವೆಲ್ಲ ಅವಳದೇ ತೀರ್ಮಾನ. ಕಳಸಗಿತ್ತಿ ಸ್ಥಾನವಂತೂ ಪ್ರಶ್ನೆಯೇ ಇಲ್ಲ. ಧಾರೆ ಹೊತ್ತಿನಲ್ಲಿ ಕಳಸ ಹಿಡಿದು ನಿಂತಿದ್ದರಿಂದ ಕೈಯೆತ್ತಿ ಅಪ್ಪಣೆ ಕೊಡುವ ಹಾಗಿರಲಿಲ್ಲ. ಅಷ್ಟೂ ಹೊತ್ತು ಹುಬ್ಬಿನಲ್ಲೇ ಕೊಟ್ಟಳು. ಪುರೋಹಿತರೂ ಒಂದೆರಡು ಸಲ ಆ ಹುಬ್ಬು ನೋಡಿಕೊಂಡೇ ಮುಂದುವರಿದರು.

ನಮ್ಮ ಸಿನಿಮಾದವರು ಅಣ್ಣ ತಂಗಿಯರ ಮೇಲೆ ಕಣ್ಣೀರು ಧಾರಾಳವಾಗಿ ಖರ್ಚು ಮಾಡಿದ್ದಾರೆ. 1958ರಲ್ಲಿ 'ಅಣ್ಣ ತಂಗಿ', 2002ರಲ್ಲಿ 'ತವರಿಗೆ ಬಾ ತಂಗಿ', ಸಾಲದೆಂದು 2005ರಲ್ಲಿ ಹಳೆಯ ಹೆಸರಿನಲ್ಲೇ ಇನ್ನೊಂದು 'ಅಣ್ಣ ತಂಗಿ'. ಅಕ್ಕ ತಮ್ಮನಿಗೆ ಆ ಭಾಗ್ಯವಿಲ್ಲ. ತಪ್ಪು ಅಕ್ಕಂದಿರದೇ ಇರಬೇಕು. ಅಳಬೇಕಾದ ಹೊತ್ತಿಗೆ ಸರಿಯಾಗಿ ಎದ್ದು, ಉಗ್ರಾಣದಲ್ಲಿ ಸಕ್ಕರೆ ಸಾಲುತ್ತದೋ ಇಲ್ಲವೋ ನೋಡಲು ಹೋಗಿಬಿಡುತ್ತಾರೆ. ಅಲ್ಲಿ ಕ್ಯಾಮೆರಾಕ್ಕೆ ಬೆಳಕು ಸಾಲದು.

ನಮ್ಮ ಕಡೆ ಹೊಸ ಮದುವಣಗಿತ್ತಿಯ ಜೊತೆಗೆ ತಮ್ಮನನ್ನೋ ತಂಗಿಯನ್ನೋ ಕಳಿಸುವ ರೂಢಿ ಇದೆ. ನಮ್ಮ ಮದುವೆಯಲ್ಲಿ ಹಾಗೆ ಬಂದವನು ಏಳನೇ ಕ್ಲಾಸಿನ ಪುಟ್ಟ. ಎರಡು ದಿನಕ್ಕೆಂದು ಬಂದವನು ವಾರವಾದರೂ ಕದಲಲಿಲ್ಲ. ರಾತ್ರಿ ಬಾಗಿಲು ತಟ್ಟಿ, "ಅಕ್ಕಾ, ಹೊಸ ಜಾಗ, ನಿದ್ದೆ ಬರ್ತಿಲ್ಲ" ಅನ್ನುವುದು. ಇವಳು ಬಾಗಿಲು ತೆಗೆಯುವುದು. ನಾನು ದಿಂಬು ಎತ್ತಿಕೊಂಡು ಜಗಲಿಗೆ ಹೋಗಿ ನಮ್ಮಪ್ಪನ ಗೊರಕೆಯ ಪಕ್ಕ ಮಲಗುವುದು. ಹೊರಡುವ ದಿನ ಬಸ್ಸಿಗೆ ಹತ್ತಿಸಲು ಹೋದಾಗ, ಸದ್ಯ ಪೀಡೆ ತೊಲಗಿತು ಎಂದು ಬಾಳೆಹಣ್ಣು, ಬಿಸ್ಕತ್ತು ಎಲ್ಲ ಕೊಡಿಸಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹುಡುಗ ಹೇಳಿದ: "ಭಾವ, ಅಕ್ಕನಿಗೆ ಕತ್ತಲು ಅಂದ್ರೆ ಭಯ. ರಾತ್ರಿ ಬಚ್ಚಲಿಗೆ ಹೋಗೋವಾಗ ನೀವು ಎದ್ದು ಹಿತ್ತಲ ಲೈಟ್ ಹಾಕ್ಬೇಕು. ಅವಳು ಹೇಳಲ್ಲ."

ಅವಳು ನಿಜವಾಗಿ ಹೇಳಿರಲಿಲ್ಲ. ಇವತ್ತಿಗೂ ಲೈಟು ನಾನೇ ಹಾಕುತ್ತೇನೆ. ಪುಟ್ಟನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ನನಗೆ ಆಗದಿರುವುದಕ್ಕೆ ಆ ಲೈಟೇ ಕಾರಣ. ಹೊಸ ಸೊಸೆಗೆ ಇವಳು "ಅವನು ರಾತ್ರಿ ಹೊದಿಕೆ ಒದೀತಾನೆ, ನೀನು ಎದ್ದು ಹೊದಿಸ್ಬೇಕು" ಎಂದು ಮಂಟಪದಲ್ಲೇ ಹೇಳುವುದು ಕಿವಿಗೆ ಬಿದ್ದಾಗ ಬೇರೆಯವರು ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಕೊನೆಗೆ ಬಾಗಿಲು ತಡೆಯುವ ಶಾಸ್ತ್ರ. ಮದುಮಕ್ಕಳು ಮನೆತುಂಬುವಾಗ ಅಕ್ಕ ಹೊಸಿಲಿಗೆ ಅಡ್ಡ ನಿಂತು ಮಾತು ತೆಗೆದುಕೊಳ್ಳಬೇಕು. ಇವಳು ಎರಡೂ ಕೈ ಚಾಚಿ ನಿಂತು, "ನಿಮಗೆ ಹುಟ್ಟೋ ಹೆಣ್ಣನ್ನ ನನ್ನ ಮಗನಿಗೆ ಕೊಡ್ತೀನಿ ಅಂತ ಹೇಳಿ, ಆಮೇಲೆ ಒಳಗೆ ಬನ್ನಿ" ಅಂದಳು. ಎಲ್ಲರೂ 'ಹೂಂ' ಅಂದು ಒಳಗೆ ಬರುತ್ತಾರೆ. ಆದರೆ ಹುಡುಗಿ ವಕೀಲೆ.

"ಅಕ್ಕಾ, 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಅಣ್ಣ-ತಂಗಿ, ಅಕ್ಕ-ತಮ್ಮನ ಮಕ್ಕಳು ಮದುವೆ ಆಗೋ ಹಾಗಿಲ್ಲ. ರೂಢಿ ಇದ್ರೆ ಮಾತ್ರ ವಿನಾಯಿತಿ. ರೂಢಿ ಇದೆ ಅಂತ ನೀವು ಸಾಬೀತು ಮಾಡ್ಬೇಕು."

ಅಂಗಳವೆಲ್ಲ ಗಪ್‌ಚಿಪ್. ಇವಳು ಒಂದು ಕ್ಷಣವೂ ತಡಮಾಡದೆ ಮೂಲೆಯ ಕುರ್ಚಿಯತ್ತ ಕೈ ತೋರಿಸಿದಳು. "ನಮ್ಮಜ್ಜಿ. ಕಟ್ಕೊಂಡಿದ್ದು ಸೋದರತ್ತೆ ಮಗನ್ನೇ. ಬೇಕಿದ್ರೆ ಕೇಳ್ಕೋ."

"ಸಾಕ್ಷಿ ಒಪ್ಕೊಂಡೆ. ಆದ್ರೆ ಹುಡುಗನಿಗೆ 21, ಹುಡುಗಿಗೆ 18 ತುಂಬ್ಬೇಕು. ನಿಮ್ಮ ಮಗ ಇನ್ನೂ ಆರನೇ ಕ್ಲಾಸು. ನನ್ನ ಮಗಳು ಹುಟ್ಟೇ ಇಲ್ಲ. ಈ ಅರ್ಜಿ ಈಗ ವಿಚಾರಣೆಗೆ ಬರಲ್ಲ ಅಕ್ಕಾ."

ಇವಳು ಸರಿದು ದಾರಿ ಬಿಟ್ಟಳು. ರಾತ್ರಿ ಹನ್ನೆರಡಕ್ಕೆ ಪಾತ್ರೆ ಲೆಕ್ಕ ಮುಗಿಸಿ ಬಂದು ನನ್ನನ್ನು ಎಬ್ಬಿಸಿದಳು. "ನೋಡಿದ್ರಾ ಹೇಗೆ ಮಾತಾಡಿದ್ಲು? ಪುಟ್ಟನ್ನ ಯಾರೂ ಇನ್ಮೇಲೆ ಏಮಾರಿಸೋಕಾಗಲ್ಲ."

ಈಗ ಅವಳ ಫೋನು ಹೋಗುವುದು ತಮ್ಮನಿಗಲ್ಲ, ವಕೀಲೆಗೆ. ನಮ್ಮ ಪಕ್ಕದ ಸೈಟಿನವರ ಕಾಂಪೌಂಡು ಒಂದಡಿ ಒಳಗೆ ಬಂದಿದೆಯಲ್ಲ, ಆ ವಿಷಯ. "ಹೋಗ್ಲಿ ಬಿಡೇ" ಎಂದು ನಾನು ಸುಮ್ಮನಿದ್ದ ವ್ಯವಹಾರ. ಹೋದ ವಾರ ನೋಟಿಸು ಹೋಗಿದೆ. ಫೀಸು ಬೇಡವಂತೆ, ಎರಡು ಕೆಜಿ ಸಾರಿನ ಪುಡಿ ಕಳಿಸಿದರೆ ಸಾಕಂತೆ. ಮೆಣಸಿನಕಾಯಿ ಹುರಿದು ಮಿಲ್ಲಿಗೆ ಹಾಕಿಸಿದ್ದಾಗಿದೆ. ನಾಳೆ ಬೆಳಿಗ್ಗೆ ಐದೂವರೆ ಬಸ್ಸಿಗೆ ಡಬ್ಬ ಹಿಡಿದುಕೊಂಡು ಹೋಗಬೇಕು. ಯಾರು ಅಂತ ಬೇರೆ ಹೇಳಬೇಕೆ?